ರೇಂಜ್ ಸಿಗುವ ಜಾಗದಲ್ಲಿ ಸಿಗದ ಸದ್ದು

ಆ ದಿನಗಳ ಬಗ್ಗೆ ಬರೆಯಲು ಕೂತಾಗ ನಾನು ಮೊದಲು ಮಾಡಿದ್ದು ಹಳೆಯ ರೆಕಾರ್ಡಿಂಗುಗಳನ್ನು ಮತ್ತೆ ಕೇಳಿದ್ದು. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ಆದರೆ ದಿನಚರಿಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಸಂಜೆ ಬರೆಯುವ ಹೊತ್ತಿಗಾಗಲೇ ಬೆಳಗಿನ ಸಂಗತಿ ಸ್ವಲ್ಪ ನನ್ನ ಕಡೆಗೆ ವಾಲಿರುತ್ತದೆ. ಉದಾಹರಣೆಗೆ, ರೈಟರ್ ನಮ್ಮ ಕೇಂದ್ರಕ್ಕೆ ಬಂದ ದಿನ ಅವರು ಕೋಪದಲ್ಲಿದ್ದರು ಎಂದು ಬರೆದಿದ್ದೇನೆ. ಈಗ ಯೋಚಿಸಿದರೆ ಅದು ಕೋಪವಾಗಿರಲಿಲ್ಲ, ಹೆದರಿಕೆ ಇರಬೇಕು ಅನ್ನಿಸುತ್ತದೆ. ಎರಡರಲ್ಲೂ ಮನುಷ್ಯ ಕುರ್ಚಿಯ ತುದಿಯಲ್ಲೇ ಕೂರುತ್ತಾನೆ.

ನಾನು ಕುಶಾಲನಗರದ ಒಂದು ಸಣ್ಣ ಶ್ರವಣ ಕೇಂದ್ರದಲ್ಲಿ ಆಡಿಯಾಲಜಿಸ್ಟ್. ಕಿವಿ ಪರೀಕ್ಷೆ ಮಾಡುವುದು, ಶ್ರವಣ ಸಾಧನ ಹೊಂದಿಸಿಕೊಡುವುದು, ಅದು ಕೆಟ್ಟರೆ ಕಂಪನಿಗೆ ಕಳಿಸುವುದು ನಿತ್ಯದ ಕೆಲಸ. ರೈಟರ್ ಅಂದರೆ ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಿಡಿದು, ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳುವವರು. ಊರು ಶನಿವಾರಸಂತೆ ಹತ್ತಿರ; ಚಿಕ್ಕ ವಯಸ್ಸಿನಲ್ಲೇ ಈ ತೋಟಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಪಕ್ಕ, ನೀರು ಹಾಯಿಸುವ ಡೀಸೆಲ್ ಮೋಟಾರಿನ ಪಕ್ಕ ನಿಂತು ನಿಂತು ಎರಡೂ ಕಿವಿ ಮಂದವಾಗಿದ್ದವು. ಹಿಂದಿನ ಮಳೆಗಾಲದಲ್ಲಿ ನಾನೇ ಅವರ ಬಲಗಿವಿಗೆ ಸಾಧನ ಹಾಕಿಕೊಟ್ಟಿದ್ದೆ.

ಅದನ್ನು ಕರ್ಚೀಫಿನಿಂದ ಬಿಚ್ಚಿ ಮೇಜಿನ ಮೇಲಿಟ್ಟರು. "ಮಾತೆಲ್ಲ ಚೆನ್ನಾಗೇ ಕೇಳ್ತದೆ ಮೇಡಂ. ಫೋನ್ ಕಿವಿಗಿಟ್ರೆ ಮಾತ್ರ ಒಳಗೆ ಜೀರುಂಡೆ ಕೂಗ್ದಂಗಾಯ್ತದೆ. ಆಚೆ ಕಡೆಯೋರು ಏನು ಹೇಳಿದ್ರು ಅಂತ ದೇವ್ರಿಗೇ ಗೊತ್ತು."

ನಡೆದದ್ದನ್ನು ಅವರು ತುಂಡು ತುಂಡಾಗಿ ಹೇಳಿದರು. ಹಣ್ಣು ಕೊಯ್ಯುವ ಕಾಲದಲ್ಲಿ ಬೆಳಗಿನ ಮಸ್ಟರಿಗೆ, ಅಂದರೆ ಆಳುಗಳೆಲ್ಲ ಶೆಡ್ಡಿನ ಮುಂದೆ ಸೇರಿ ಹಾಜರಿ ಕೊಡುವ ಹೊತ್ತಿಗೆ, ಆನೆ ಕಾವಲು ತಂಡದವರಿಂದ ರೈಟರಿಗೆ ಫೋನ್ ಬರುತ್ತದೆ. ರಾತ್ರಿ ಕಾಡಾನೆಗಳು ಯಾವ ಕಡೆ ಇಳಿದಿವೆ, ಬೆಳಿಗ್ಗೆ ವಾಪಸ್ ಹೋದವೋ ಇಲ್ಲವೋ ಎಂದು ಅವರು ತಿಳಿಸುತ್ತಾರೆ. ಅದನ್ನು ಕೇಳಿಕೊಂಡು ರೈಟರ್ ಆಳುಗಳನ್ನು ಬ್ಲಾಕುಗಳಿಗೆ ಹಂಚುತ್ತಾರೆ. ಹಿಂದಿನ ವಾರ ಹಾಗೆ ಬಂದ ಫೋನಿನಲ್ಲಿ ಅವರಿಗೆ ಜೀರುಂಡೆ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಹಿಂದಿನ ಎರಡು ದಿನದಿಂದ ಆನೆಗಳು ಮೇಲಿನ ಬ್ಲಾಕಿನ ಅಂಚಿನಲ್ಲಿ ಕಣ್ಣಿಗೇ ಬೀಳುತ್ತಿದ್ದವು, ಇವತ್ತೂ ಅಲ್ಲೇ ಇರಬೇಕು ಎಂದುಕೊಂಡು ಹೆಂಗಸರನ್ನು ಕೆಳಗಿನ ಬ್ಲಾಕಿಗೆ ಕಳಿಸಿದರು. ಕೆಳಗಿನ ಬ್ಲಾಕಿನ ಕೆರೆಯ ಹತ್ತಿರ ಮರಿ ಜೊತೆಗೆ ಆನೆ ನಿಂತಿತ್ತು. ಎಲ್ಲರೂ ಚೀಲ ಬಿಸಾಡಿ ಓಡಿದರು. ಒಬ್ಬಾಕೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅಷ್ಟಕ್ಕೇ ಮುಗಿಯಿತು.

"ಫೋನಿನಲ್ಲಿ ಕೇಳಿಸಲಿಲ್ಲ ಅಂತ ಅವರಿಗೆ ಹೇಳಲಿಲ್ವಾ?" ಎಂದು ಕೇಳಿದೆ.

ಅವರು ಕರ್ಚೀಫು ಮಡಚುತ್ತಾ, "ಸರಿ ಸರಿ ಅಂದೆ," ಎಂದರು.

ಕಿವಿ ಮಂದವಾದವರಲ್ಲಿ ಇದು ಎಷ್ಟು ಸಾಮಾನ್ಯ ಎಂಬುದು ನನಗೆ ಗೊತ್ತು. ಒಂದು ಸಲ ಕೇಳದಿದ್ದರೆ ಇನ್ನೊಂದು ಸಲ ಕೇಳುತ್ತಾರೆ, ಆಗಲೂ ಕೇಳದಿದ್ದರೆ ತಲೆಯಾಡಿಸುತ್ತಾರೆ. ರೈಟರ್ ಆ ಮೊದಲ ಸಲವನ್ನೂ ಬಿಟ್ಟಿದ್ದರು. ಸಾಧನ ಹಾಕಿಕೊಂಡಿದ್ದೇ ತೋಟದಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲವಂತೆ. ಬೆಳಗಿನ ಚಳಿಗೆ ಎಲ್ಲರೂ ಮಂಕಿ ಕ್ಯಾಪ್ ಹಾಕುತ್ತಾರೆ. ಇವರು ಮಧ್ಯಾಹ್ನವೂ ತೆಗೆಯುತ್ತಿರಲಿಲ್ಲ.

ಈಗ ಮ್ಯಾನೇಜರ್ ಅವರನ್ನು ಮಸ್ಟರಿನಿಂದ ತೆಗೆದು ನರ್ಸರಿಯಲ್ಲಿ ಸಸಿಯ ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಿಸುವ ಮೇಲ್ವಿಚಾರಣೆಗೆ ಹಾಕಿದ್ದರು. ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಸಂಬಳ ಅದೇ ಇರುತ್ತದಂತೆ. ಆದರೆ ಇಷ್ಟು ವರ್ಷ ತಾವು ಹೆಸರು ಕರೆದ ಜನ ಬೆಳಿಗ್ಗೆ ತಮ್ಮ ಮುಂದೆಯೇ ಬೇರೆಯವರ ಹತ್ತಿರ ಹಾಜರಿ ಕೊಟ್ಟು ಹೋಗುವುದನ್ನು ನೋಡಿಕೊಂಡು ಮಣ್ಣು ತುಂಬಿಸಬೇಕಲ್ಲ, ಅದು ಆಗುವುದಿಲ್ಲ ಎಂದರು.

ಮಧ್ಯಾಹ್ನ ಮ್ಯಾನೇಜರ್ ನನಗೇ ಫೋನ್ ಮಾಡಿದರು. ಸೌಮ್ಯವಾಗಿ ಮಾತಾಡುವ ಮನುಷ್ಯ. "ನೋಡಿ ಮೇಡಂ, ನಂಗೆ ಸಿಂಪಲ್ಲಾಗಿ ಒಂದು ಪೇಪರ್ ಕೊಡಿ. ಮಿಷನ್ ಸರಿ ಉಂಟಾ, ಇಲ್ವಾ?"

ಆ ಪ್ರಶ್ನೆಯಲ್ಲಿದ್ದ ತೊಡಕು ಫೋನಿಟ್ಟ ಮೇಲೆ ಅರ್ಥವಾಯಿತು. ಸಾಧನ ಸರಿಯಿದೆ ಎಂದರೆ ತಪ್ಪು ರೈಟರದ್ದಾಗುತ್ತದೆ. ಕೇಳಿಸಿದ್ದನ್ನೂ ಅವರು ಗಮನಿಸಲಿಲ್ಲ ಎಂದಾಗುತ್ತದೆ. ಸರಿಯಿಲ್ಲ ಎಂದರೆ ಅಂಥ ಯಂತ್ರ ನಂಬಿದವರ ಕೈಯಲ್ಲಿ ಅಷ್ಟು ಜನರ ಜೀವ ಕೊಡಲಾಗುವುದಿಲ್ಲ. ಎರಡರಲ್ಲಿ ಯಾವ ಉತ್ತರ ಕೊಟ್ಟರೂ ಅವರಿಗೆ ನರ್ಸರಿಯೇ ಗತಿ.

ಮೊಬೈಲ್ ತರಂಗಗಳನ್ನು ಶ್ರವಣ ಸಾಧನ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು ಸರಿಯಾಗಿ ಅಳೆಯಲು ಬೇರೆಯೇ ಪ್ರಯೋಗಾಲಯ ಬೇಕು. ಹೊರಗಿನ ತರಂಗ ಒಳಗೆ ಬಾರದ ಕೋಣೆಯಲ್ಲಿ, ಬೇಕಾದಷ್ಟೇ ಪ್ರಬಲವಾದ ತರಂಗವನ್ನು ಸಾಧನದ ಮೇಲೆ ಹಾಯಿಸಿ, ಅದರಿಂದ ಎಷ್ಟು ಸದ್ದು ಹೊರಡುತ್ತದೆ ಎಂದು ನೋಡುತ್ತಾರೆ. ನನ್ನ ಹತ್ತಿರ ಇದ್ದದ್ದು ಕಪ್ಲರ್. ಕಿವಿಯೊಳಗಿನಷ್ಟೇ ಜಾಗವಿರುವ ಪುಟ್ಟ ಲೋಹದ ಗೂಡು, ಅದರ ತುದಿಗೊಂದು ಮೈಕ್. ಸಾಧನದಿಂದ ಬರುವ ಸದ್ದು ಅದರೊಳಗೆ ಹೋಗಿ ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗುತ್ತದೆ. ಲೋಹ ಹತ್ತಿರವಿದ್ದರೆ ಫೋನಿನ ತರಂಗವೇ ಏರುಪೇರಾಗುತ್ತದೆ. ಅದಕ್ಕಾಗಿ ಸಾಧನವನ್ನು ಮರದ ತಟ್ಟೆಯ ಮೇಲಿಟ್ಟು, ಮೊಳದುದ್ದದ ಪ್ಲಾಸ್ಟಿಕ್ ಕೊಳವೆಯಿಂದ ದೂರದ ಕಪ್ಲರಿಗೆ ಜೋಡಿಸಿದೆ. ಕೋಣೆಯ ಫ್ಯಾನು, ಟ್ಯೂಬ್‌ಲೈಟು ಆರಿಸಿದೆ.

ಮೊದಲು ನನ್ನ ಫೋನಿನಿಂದ ಕರೆ ಮಾಡಿ ಸಾಧನದ ಪಕ್ಕ ಹಿಡಿದೆ. ಗೆರೆ ಅಲುಗಲಿಲ್ಲ. ಆಮೇಲೆ ರೈಟರ ಫೋನು. ಅದು ಬಟನ್ನಿನ ಹಳೆಯ ಫೋನು. ಬ್ಯಾಟರಿ ದಿನಗಟ್ಟಲೆ ಬರುತ್ತದೆ, ತೋಟದಲ್ಲಿ ಅದಕ್ಕಷ್ಟೇ ಸಿಗ್ನಲ್ ಹಿಡಿಯುತ್ತದೆ ಎಂದು ಅದನ್ನೇ ಇಟ್ಟುಕೊಂಡಿದ್ದರು. ಇಂಥ ಹಳೆಯ ಜಾಲದ ಫೋನು ತರಂಗವನ್ನು ಒಂದೇ ಸಮ ಬಿಡುವುದಿಲ್ಲ. ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ಬಿಟ್ಟು ಬಿಟ್ಟು ಉಗುಳುತ್ತದೆ. ಸಾಧನದ ಒಳಗಿನ ತಂತಿಗಳು ಅದನ್ನು ಹಿಡಿದರೆ ಆ ಉಗುಳುವಿಕೆಯೇ ಕೊರೆಯುವ ಸದ್ದಾಗಿ ಕೇಳುತ್ತದೆ. ರೈಟರು ಹೇಳಿದ ಜೀರುಂಡೆ ಅದೇ ಇರಬೇಕು ಎಂದುಕೊಂಡಿದ್ದೆ. ಕರೆ ಕೂಡುವ ಮೊದಲ ಕ್ಷಣ ಪರದೆಯಲ್ಲಿ ಸಣ್ಣ ಗರಿಗಳು ಎದ್ದವು, ಮರುಕ್ಷಣ ಮಲಗಿದವು. ಫೋನನ್ನು ತಿರುಗಿಸಿ, ಮಗುಚಿ, ಸಾಧನದ ಬೆನ್ನಿಗೆ, ಹೊಟ್ಟೆಗೆ ಹಿಡಿದು ನೋಡಿದೆ. ಏನೂ ಇಲ್ಲ.

ಆ ಮೊದಲ ಕ್ಷಣದ ಗರಿಗಳು ಒಂದು ಸುಳಿವಾಗಿದ್ದವು. ಆಗಲೇ ನನಗೆ ಅದು ಸುಳಿವೆಂದು ಕಂಡಿತ್ತೋ, ಈಗ ಎಲ್ಲ ಗೊತ್ತಾದ ಮೇಲೆ ಹಾಗೆ ಕಾಣಿಸುತ್ತಿದೆಯೋ, ಖಚಿತವಾಗಿ ಹೇಳಲಾರೆ.

ಸಾಧನವನ್ನು ರೈಟರ ಕಿವಿಗೆ ಹಾಕಿ, ಪಕ್ಕದ ಕೋಣೆಯಿಂದ ಅವರ ಫೋನಿಗೆ ಕರೆ ಮಾಡಿ ಪದಗಳನ್ನು ಓದಿದೆ. ಕೇಳಿಸಿತಾ ಎಂದು ಕೇಳಲಿಲ್ಲ. ಕೇಳಿದರೆ ಬರುವ ಉತ್ತರ ಗೊತ್ತಿತ್ತು. ನಾನು ಹೇಳಿದ್ದನ್ನೇ ತಿರುಗಿ ಹೇಳಿ ಎಂದೆ. ಎಲ್ಲವನ್ನೂ ತಪ್ಪಿಲ್ಲದೆ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು.

"ಇಲ್ಲಿ ಚೆನ್ನಾಗೇ ಕೇಳ್ತದಲ್ಲ ಮೇಡಂ," ಎಂದರು. "ನಾನೇ ಸುಳ್ಳು ಹೇಳ್ದಂಗಾಯ್ತಲ್ಲ."

ಸಾಧನದ ಕಂಪನಿಯ ಎಂಜಿನಿಯರಿಗೆ ಬೆಂಗಳೂರಿಗೆ ಫೋನ್ ಮಾಡಿದೆ. ಆ ಮಾದರಿ ಪ್ರಯೋಗಾಲಯದಲ್ಲಿ ಪಾಸಾಗಿದೆ, ವಯಸ್ಸಾದವರು ಫೋನನ್ನು ಸರಿಯಾಗಿ ಹಿಡಿಯುವುದಿಲ್ಲ, ಹಿಡಿಯುವುದನ್ನು ಕಲಿಸಿಕೊಡಿ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಮೊನ್ನೆ ತನಕ ಕೇಳಿಸದ್ದನ್ನು ಕೇಳಿಸಿತೆಂದು ಹೇಳುತ್ತಿದ್ದ ಮನುಷ್ಯ, ಈಗ ಕೇಳಿಸಲಿಲ್ಲವೆಂದು ಹೇಳಲು ಬಸ್ ಹತ್ತಿ ಬಂದಿದ್ದಾರೆ. ಅದನ್ನು ತಳ್ಳಿಹಾಕುವ ಮನಸ್ಸಾಗಲಿಲ್ಲ. ತೋಟದಲ್ಲೇ ಪರೀಕ್ಷೆ ಮಾಡುತ್ತೇನೆ ಎಂದು ಮ್ಯಾನೇಜರಿಗೆ ತಿಳಿಸಿದೆ. ಅವರು ಜೀಪು ಕಳಿಸಿದರು.

ಸಲಕರಣೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದೆ. ತೋಟದಲ್ಲಿ ನನ್ನನ್ನು ತುಂಬಾ ಚೆನ್ನಾಗಿ ನೋಡಿಕೊಂಡರು. ಬೆಲ್ಲದ ಕಾಫಿ ಬಂತು. ಫೋನ್ ಟೆಸ್ಟ್ ಮಾಡುವುದಕ್ಕೆ ಬಂದಿದ್ದೇನೆಂದು ಗೊತ್ತಾದ ಕೂಡಲೇ ಮ್ಯಾನೇಜರ್, ಜೀಪಿನ ಡ್ರೈವರ್, ಸ್ವತಃ ರೈಟರ್, ಎಲ್ಲರೂ ಒಟ್ಟಿಗೆ ಒಂದೇ ಕಡೆ ನಡೆದರು. ಕಾಫಿ ಒಣಗಿಸುವ ಕಣದ ಹಿಂದೆ ದಿಣ್ಣೆಯ ಮೇಲೆ, ಕಾಫಿಗೆ ನೆರಳಾಗಿ ಬೆಳೆಸಿ ಕಡಿದ ಸಿಲ್ವರ್ ಮರದ ಬುಡವೊಂದಿತ್ತು. ಅದರ ಮೇಲ್ಭಾಗ ಕೂತು ಕೂತು ಮಂಚದ ಹಾಗೆ ನುಣುಪಾಗಿತ್ತು. ತೋಟದವರೆಲ್ಲ ಊರಿಗೆ, ಮಕ್ಕಳಿಗೆ ಫೋನ್ ಮಾಡುವುದು ಅಲ್ಲಿಂದಲೇ.

"ಇಲ್ಲಿ ಮಾಡಿ ಮೇಡಂ," ಎಂದರು ಮ್ಯಾನೇಜರ್. "ಇಡೀ ಎಸ್ಟೇಟಲ್ಲಿ ಫುಲ್ ರೇಂಜ್ ಇರೋದು ಇದೊಂದೇ ಜಾಗದಲ್ಲಿ."

ನಾನೂ ಒಳ್ಳೆಯದೇ ಆಯಿತೆಂದು ಅಲ್ಲೇ ಮರದ ತಟ್ಟೆ ಇಟ್ಟೆ. ಕೊಳವೆ ಜೋಡಿಸಿದೆ, ಕರೆ ಮಾಡಿದೆ. ಮೊದಲ ಕ್ಷಣದ ಸಣ್ಣ ಗರಿಗಳು, ಆಮೇಲೆ ಚಪ್ಪಟೆ ಗೆರೆ. ರೈಟರ ಕಿವಿಗೆ ಹಾಕಿ ಪದ ಹೇಳಿಸಿದೆ. ಎಲ್ಲ ಸರಿ. ಅವರು ನನ್ನ ಮುಖ ನೋಡಲಿಲ್ಲ. ಮ್ಯಾನೇಜರ್ ಗೆದ್ದ ಮುಖ ಮಾಡಲಿಲ್ಲ. ಪೇಪರ್ ಯಾವಾಗ ಸಿಗುತ್ತದೆ ಎಂದಷ್ಟೇ ಕೇಳಿದರು. ನಾಳೆ ಎಂದೆ. ಅದರಲ್ಲಿ ಬರೆಯಬೇಕಾದ ಮೊದಲ ವಾಕ್ಯವೂ ತಲೆಯಲ್ಲಿ ತಯಾರಾಗಿತ್ತು.

ವಾಪಸ್ ಹೊರಟಾಗ ರೈಟರನ್ನು ನರ್ಸರಿ ಹತ್ತಿರ ಇಳಿಸುತ್ತೇನೆಂದು ಡ್ರೈವರ್ ಹಿಂದೆ ಹತ್ತಿಸಿಕೊಂಡರು. ಜೀಪು ಕಣದಿಂದ ಇಳಿದು, ನೀರು ಹರಿಯುವ ತೋಡಿನ ಪಕ್ಕ ತಗ್ಗಿನಲ್ಲಿದ್ದ ಮಸ್ಟರ್ ಶೆಡ್ಡಿನ ಮುಂದೆ ಬಂತು. ಸ್ಟೀರಿಯೋದಲ್ಲಿ ಹಾಡು ಮೆಲ್ಲಗೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಹಾಡಿನ ಮೇಲೆ ಟಿಕ್ ಟಿಕ್ ಟಿಕ್ ಎಂದು ಹೊಡೆದುಕೊಂಡು, ಟರ್‍ರ್ ಎಂದು ಕೊರೆಯಿತು. ಅದರ ಹಿಂದೆಯೇ ನನ್ನ ಚೀಲದಲ್ಲಿ ಫೋನ್ ಬಡಿದುಕೊಂಡಿತು. ನಮ್ಮ ಕೇಂದ್ರದಿಂದ ಕರೆ.

"ಇಲ್ಲಿ ಯಾವಾಗ್ಲೂ ಹಿಂಗೇ ಮೇಡಂ," ಎಂದು ಡ್ರೈವರ್ ಸ್ಟೀರಿಯೋಗೆ ಒಂದು ಪೆಟ್ಟು ಕೊಟ್ಟರು. "ಈ ತಗ್ಗಿಗೆ ಬಂದ್ರೆ ಯಾರಿಗಾದ್ರೂ ಫೋನ್ ಬಂತು ಅಂದ್ರೆ ಹಾಡು ಹಾಳು."

ಫೋನ್ ತೆಗೆದು ನೋಡಿದೆ. ಕುಶಾಲನಗರದಲ್ಲಿ ಕಾಣುವ 4ಜಿ ಗುರುತು ಇರಲಿಲ್ಲ. ಹಳೆಯ ಜಾಲದ ಒಂದು ಕಡ್ಡಿ, ಅದೂ ಬಂದು ಹೋಗುತ್ತಿತ್ತು. ಕರೆ ತೆಗೆಯಲಿಲ್ಲ. ಜೀಪು ನಿಲ್ಲಿಸಲು ಹೇಳಿದೆ.

ಓದುವಾಗಲೇ ಕಲಿತ ವಿಷಯ ಅದು. ಮೊಬೈಲ್ ಫೋನು ಎಲ್ಲ ಕಡೆ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಟವರು ಸ್ಪಷ್ಟವಾಗಿ ಸಿಕ್ಕರೆ ಪಿಸುಗುಟ್ಟುತ್ತದೆ, ಬ್ಯಾಟರಿ ಉಳಿಸಿಕೊಳ್ಳುತ್ತದೆ. ಸಿಗದಿದ್ದರೆ ಶಕ್ತಿಯಿದ್ದಷ್ಟೂ ಕೂಗುತ್ತದೆ. ಕರೆ ಕೂಡುವ ಮೊದಲ ಕ್ಷಣ ಎಲ್ಲಿದ್ದರೂ ಒಮ್ಮೆ ಕೂಗಿ, ಟವರು ಹತ್ತಿರವಿದೆ ಎಂದು ಗೊತ್ತಾದ ಮೇಲೆ ದನಿ ಇಳಿಸುತ್ತದೆ. ಪರದೆಯಲ್ಲಿ ನಾನು ಕಂಡ ಸಣ್ಣ ಗರಿಗಳು ಅವೇ. ಕುಶಾಲನಗರದಲ್ಲಿ ನಮ್ಮ ಕೇಂದ್ರದ ಎದುರಿಗೇ ಟವರಿದೆ. ತೋಟದಲ್ಲಿ ಎಲ್ಲರೂ ಕೂಡಿ ನನ್ನನ್ನು ಕರೆದುಕೊಂಡು ಹೋದದ್ದು ರೇಂಜ್ ಸಿಗುವ ಒಂದೇ ಒಂದು ಜಾಗಕ್ಕೆ. ಫೋನಿಗೆ ಸಂಬಂಧಿಸಿದ ಕೆಲಸ ಅಂದರೆ ಅಲ್ಲಿಗೆ ಹೋಗಬೇಕೆಂಬುದು ಅವರಿಗೆ ಎಷ್ಟು ಸಹಜವೆಂದರೆ, ಆ ಬೆಳಗಿನ ಕರೆ ಬಂದದ್ದು ಅಲ್ಲಿ ಅಲ್ಲ ಎಂಬುದು ರೈಟರಿಗೂ ನೆನಪಾಗಲಿಲ್ಲ. ನನಗೂ ಕೇಳಬೇಕೆನ್ನಿಸಲಿಲ್ಲ. ಫೋನು ಅತ್ಯಂತ ಮೆಲ್ಲಗೆ ಮಾತಾಡುವ ಜಾಗದಲ್ಲಿ ಕೂತು, ಅದು ಕೂಗುವುದಿಲ್ಲ ಎಂದು ನಾನು ಬರೆದುಕೊಡುವವಳಿದ್ದೆ.

ಶೆಡ್ಡಿನ ಹಲಗೆಯ ಮೇಲೆ ಸಲಕರಣೆ ಹರಡಿದೆ. ಈ ಸಲ ಸದ್ದನ್ನೂ ರೆಕಾರ್ಡ್ ಮಾಡಿಕೊಂಡೆ. ರೈಟರ ಫೋನಿಗೆ ಡ್ರೈವರ್ ದಿಣ್ಣೆ ಹತ್ತಿ ಕರೆ ಮಾಡಿದರು. ಫೋನನ್ನು ಸಾಧನದ ಹತ್ತಿರ ತಂದ ಕೂಡಲೇ ಪರದೆಯ ತುಂಬ ಸಮಾನ ಅಂತರದಲ್ಲಿ ಈಟಿಗಳು ಎದ್ದು ನಿಂತವು. ಆ ಫೋನು ಉಗುಳುವ ಲಯ, ಅದರ ಇಮ್ಮಡಿ, ಮುಮ್ಮಡಿ. ಕರೆ ಮುಗಿಯುವ ತನಕ ಒಂದೂ ಮಲಗಲಿಲ್ಲ. ಆಮೇಲೆ ರೈಟರ ಕಿವಿಗೆ ಹಾಕಿ ಪದ ಹೇಳಿಸಿದೆ. ಡ್ರೈವರ್ ಓದಿದ್ದರಲ್ಲಿ ಒಂದನ್ನೂ ಅವರು ಹಿಡಿಯಲಿಲ್ಲ.

ನಾನು ಪರದೆಯನ್ನು ಅವರ ಕಡೆ ತಿರುಗಿಸಿ, ಇದೇ ನಿಮ್ಮ ಜೀರುಂಡೆ ಎಂದೆ. ಅವರು ಬಹಳ ಹೊತ್ತು ನೋಡಿದರು. ಸಂತೋಷಪಡುತ್ತಾರೆಂದು ನಾನು ಎಣಿಸಿದ್ದೆ.

"ಅಂಗಾದ್ರೆ ಸುಳ್ಳಲ್ಲ ಅಂತಾಯ್ತು," ಎಂದರು. ಸ್ವಲ್ಪ ಬಿಟ್ಟು, "ಆದ್ರೆ ಸರಿ ಸರಿ ಅಂದಿದ್ದು ನಾನೇಯಾ. ಮಿಷನ್ ಅನ್ಲಿಲ್ಲ."

ಆಮೇಲಿನ ಕೆಲಸ ನಿಧಾನದ್ದು. ಕೇಂದ್ರದಿಂದ ಬೇರೆ ಎರಡು ಮಾದರಿಯ ಸಾಧನ ತಂದು ಅದೇ ಹಲಗೆಯ ಮೇಲೆ ಹಾಕಿ ನೋಡಿದೆ. ಒಂದರಲ್ಲಿ ಈಟಿಗಳು ಗಿಡ್ಡವಾದವು, ಆದರೆ ಹೋಗಲಿಲ್ಲ. ಇನ್ನೊಂದು ಫೋನಿನ ಮಾತನ್ನು ತಂತಿಯಿಲ್ಲದೆ ನೇರ ಕಿವಿಗೆ ತರುವಂಥದ್ದು. ರೈಟರ ಬಟನ್ ಫೋನಿಗೆ ಅದು ಕೂಡಿಕೊಳ್ಳಲೇ ಇಲ್ಲ, ಬೇರೆ ಫೋನಿಗೆ ಆ ತಗ್ಗಿನಲ್ಲಿ ಕರೆ ಬಂದರೂ ಮಧ್ಯದಲ್ಲೇ ಕಡಿದುಹೋಗುತ್ತಿತ್ತು. ಹಳೆಯ ಸಾಧನಕ್ಕೇ ಮರಳಿದೆ. ಮರದ ಅಳತೆಪಟ್ಟಿ ಇಟ್ಟು ಫೋನನ್ನು ಬೆರಳಷ್ಟು ಬೆರಳಷ್ಟೇ ದೂರ ಸರಿಸುತ್ತಾ ಹೋದೆ. ಗೇಣು ದೂರಕ್ಕೆ ಈಟಿಗಳು ಅರ್ಧಕ್ಕಿಳಿದವು. ಕೈ ಚಾಚಿದಷ್ಟು ದೂರದಲ್ಲಿ ಸಾಧನದ ಸ್ವಂತ ಸಣ್ಣ ಸರಬರ ಸದ್ದಿನಲ್ಲಿ ಮುಳುಗಿಹೋದವು. ಅಷ್ಟು ದೂರದಲ್ಲಿ ಫೋನಿನ ಸ್ಪೀಕರ್ ಹಾಕಿದರೆ ರೈಟರಿಗೆ ಪದಗಳು ಕೇಳಿಸಿದವು. ಬಟನ್ ಫೋನುಗಳ ಸ್ಪೀಕರು ಜೋರು. ತೋಡಿನಾಚೆ ಮೆಣಸಿನ ಬಳ್ಳಿ ಕಟ್ಟುತ್ತಿದ್ದವರಿಗೂ ಕೇಳಿಸಿರಬೇಕು, ಒಬ್ಬರು ತಿರುಗಿ ನೋಡಿದರು.

ತೊಂದರೆಗೆ ಪರಿಹಾರ ಸಿಕ್ಕಿತ್ತು. ಫೋನನ್ನು ಕೈಯಲ್ಲಿ ಹಿಡಿಯದೆ, ಶೆಡ್ಡಿನ ಕಂಬಕ್ಕೊಂದು ಮರದ ತುಂಡು ಹೊಡೆದು ಅದರ ಮೇಲಿಟ್ಟು, ಸ್ಪೀಕರ್ ಹಾಕಿ, ಒಂದು ತೋಳು ದೂರ ನಿಂತು ಕೇಳಬೇಕು. ಕೇಳಿದ್ದನ್ನು ತಿರುಗಿ ಹೇಳಿ ಆಚೆಯವರಿಂದ ಹೌದೆನ್ನಿಸಿಕೊಳ್ಳಬೇಕು.

ಇದು ಯಾರಿಗೂ ಇಷ್ಟವಾಗಲಿಲ್ಲ. ಮ್ಯಾನೇಜರ್ ಸೌಮ್ಯವಾಗಿಯೇ ಹೇಳಿದರು: "ಆನೆ ಎಲ್ಲುಂಟು ಅಂತ ಎಲ್ರಿಗೂ ಕೇಳಿದ್ರೆ, ಅದರ ಪಕ್ಕದ ಬ್ಲಾಕಿಗೆ ಯಾರು ಇಳೀತಾರೆ ಮೇಡಂ? ಹಣ್ಣು ಉದುರ್ತಾ ಉಂಟು." ಇಷ್ಟು ದಿನ ಸುದ್ದಿ ರೈಟರ ಕಿವಿಯಲ್ಲೇ ನಿಲ್ಲುತ್ತಿತ್ತು, ಎಷ್ಟು ಹೇಳಬೇಕೋ ಅಷ್ಟು ಹೇಳಿ ಅವರು ಆಳುಗಳನ್ನು ಇಳಿಸುತ್ತಿದ್ದರು. ವರದಿಯಲ್ಲಿ ಮಿಷನ್ ಕೆಟ್ಟಿದೆ ಎಂದಷ್ಟೇ ಬರೆದುಬಿಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದರು. ಅವರನ್ನು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ರೈಟರನ್ನು ತೆಗೆದ ಮೇಲೆ ಅವರೇ ದಿನಾ ಮಡಿಕೇರಿಯಿಂದ ಚಳಿಯಲ್ಲಿ ಮಸ್ಟರಿಗೆ ಬರುತ್ತಿದ್ದರು, ಕಣ್ಣು ಕೆಂಪಾಗಿತ್ತು.

ರೈಟರಿಗೆ ಇನ್ನೂ ಕಷ್ಟವಾಯಿತು. ನಾವಿಬ್ಬರೇ ಇದ್ದಾಗ ಕೇಳಿದರು. "ಎಲ್ರ ಮುಂದೆ ಟೋಪಿ ತೆಗ್ದು, ಕೇಳಿಸ್ಲಿಲ್ಲ ಇನ್ನೊಂದ್ಸಲ ಹೇಳಿ ಅನ್ಬೇಕಾ? ನಾಳೆಯಿಂದ ಈ ಹೆಂಗಸ್ರು ನನ್ನ ಮಾತು ಕೇಳ್ತಾರಾ ಮೇಡಂ? ಕಿವುಡ ರೈಟರ್ ಅಂತ ಎಸ್ರು ಇಡ್ತಾರೆ."

ನಾನು ಸಮಾಧಾನ ಹೇಳಿದ ನೆನಪಿದೆ. ಏನು ಹೇಳಿದೆ ಎಂಬುದು ನೆನಪಿಲ್ಲ, ದಿನಚರಿಯಲ್ಲೂ ಇಲ್ಲ. ಹೆಚ್ಚು ಉಪಯೋಗದ್ದೇನೂ ಆಗಿರಲಿಕ್ಕಿಲ್ಲ.

ವರದಿ ಬರೆಯುವಾಗ ನಿಂತದ್ದು ಒಂದೇ ಪ್ರಶ್ನೆಯಲ್ಲಿ. ಅಳತೆಗಳ ಬಗ್ಗೆ ಅನುಮಾನವಿರಲಿಲ್ಲ. ಮಸ್ಟರ್ ಶೆಡ್ಡಿನಲ್ಲಿ ಫೋನನ್ನು ಕಿವಿಗಿಟ್ಟರೆ ಈ ಸಾಧನ ನಂಬಲು ಯೋಗ್ಯವಲ್ಲ, ತೋಳು ದೂರದಲ್ಲಿ ಸ್ಪೀಕರ್ ಹಾಕಿದರೆ ಯೋಗ್ಯ, ಎಂದು ಬರೆದೆ. ಕೇಳಿದ್ದನ್ನು ತಿರುಗಿ ಹೇಳಬೇಕೆಂಬುದನ್ನೂ ಸೇರಿಸಿದೆ. ಆದರೆ ಇದನ್ನು ಕೊಡುವುದು ಯಾರಿಗೆ? ಕೇಳಿದವರು ಮ್ಯಾನೇಜರ್, ಜೀಪು ಕಳಿಸಿದವರೂ ಅವರೇ. ಕಿವಿ ಮಾತ್ರ ಅವರದ್ದಲ್ಲ. ಕೊನೆಗೆ ಮ್ಯಾನೇಜರಿಗೆ ಫೋನ್ ಮಾಡಿ, ವರದಿಯನ್ನು ರೈಟರ ಕೈಗೆ ಕೊಡುತ್ತೇನೆ, ನಿಮಗೆ ತೋರಿಸುವುದು ಬಿಡುವುದು ಅವರಿಗೆ ಬಿಟ್ಟದ್ದು ಎಂದೆ. ತೋರಿಸದಿದ್ದರೆ ಅವರಿಗೆ ಮಸ್ಟರ್ ಕೊಡಬೇಡಿ, ಈ ವಿಷಯವನ್ನೂ ಅವರಿಗೆ ಹೇಳಿಯೇ ನಿಮಗೆ ಹೇಳುತ್ತಿದ್ದೇನೆ ಎಂದೂ ಸೇರಿಸಿದೆ. ಅವರು, "ಆಯ್ತು, ಎಂತ ಮಾಡೋದು," ಎಂದರು.

ರೈಟರ್ ವರದಿಯನ್ನು ಓದಿ, ಮಡಚಿ ಜೇಬಿಗಿಟ್ಟುಕೊಂಡು ಹೋದರು. ಆ ವಾರವಿಡೀ ಅವರಿಂದ ಸುದ್ದಿಯಿಲ್ಲ. ನಾನು ಮಾಡಿದ್ದು ಸರಿಯೇ ಎಂಬ ಅನುಮಾನ ಆ ವಾರ ನನ್ನನ್ನು ಬಿಡಲಿಲ್ಲ. ಅಳತೆಪಟ್ಟಿಯಿಂದ ಬಗೆಹರಿದದ್ದನ್ನು ಒಬ್ಬರ ನಾಚಿಕೆಯ ಮೇಲೆ ಹೇರಿ ಕೂತೆನೇ ಎಂದೂ ಅನ್ನಿಸಿತು.

ಆಮೇಲೆ ಒಂದು ಸಂಜೆ ಫೋನ್ ಬಂತು. ದನಿ ಸ್ಪಷ್ಟವಾಗಿತ್ತು, ಸಿಲ್ವರ್ ಮರದ ಬುಡದ ಮೇಲೆ ಕೂತು ಮಾತಾಡುತ್ತಿದ್ದರು ಎಂದು ಗೊತ್ತಾಯಿತು. "ಕಾಗ್ದ ಕೊಟ್ಟೆ ಮೇಡಂ. ಒಂದಿನ ನೋಡಾಣ ಅಂದ್ರು. ನಾಳೆ ಮಸ್ಟರಿಗೆ ಬನ್ನಿ. ಅದ್ನೂ ಟೆಸ್ಟ್ ಮಾಡ್ಬುಡಿ."

ಬೆಳಕು ಹರಿಯುವ ಮೊದಲೇ ಜೀಪು ಬಂತು. ಶೆಡ್ಡಿನ ಕಂಬಕ್ಕೆ ಹೊಸ ಮರದ ತುಂಡು ಹೊಡೆದಿತ್ತು. ಹೆಂಗಸರು ಗುಂಪು ಗುಂಪಾಗಿ ನಿಂತಿದ್ದರು. ಕನ್ನಡ, ಮಲಯಾಳ, ತಮಿಳು ಎಲ್ಲ ಬೆರೆತ ಗದ್ದಲ. ಮಣಿಕಟ್ಟು ಮುರಿದುಕೊಂಡಿದ್ದಾಕೆ ಕೆಲಸಕ್ಕೆ ಬರದಿದ್ದರೂ ನೋಡಲಿಕ್ಕೆಂದೇ ಆಳುಗಳ ಲೈನ್ ಮನೆಯಿಂದ ಬಂದು, ಪಟ್ಟಿ ಕಟ್ಟಿದ ಕೈಯನ್ನು ಶಾಲಿನೊಳಗೆ ಇಟ್ಟುಕೊಂಡು ಮುಂದೆಯೇ ನಿಂತಿದ್ದರು. ಮ್ಯಾನೇಜರ್ ಒಂದು ಪಕ್ಕ. ನಾನು ರೆಕಾರ್ಡರ್ ಹಾಕಿ ಸಾಧನದ ವಾಲ್ಯೂಮ್ ಒಮ್ಮೆ ನೋಡಿ ಹಿಂದೆ ಸರಿದೆ. ಅದಕ್ಕಾಗಿ ರೈಟರ್ ಮಂಕಿ ಕ್ಯಾಪ್ ತೆಗೆದಿದ್ದರು. ಮತ್ತೆ ಹಾಕಿಕೊಳ್ಳಲಿಲ್ಲ. ಕಿವಿಯ ಹಿಂದೆ ಸಾಧನ ಕಾಣುತ್ತಿತ್ತು. ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಪಕ್ಕೆ ತಿವಿದಳು.

ಫೋನ್ ಬಡಿದುಕೊಂಡಿತು. ಅವರು ಬಟನ್ ಒತ್ತಿ, ಸ್ಪೀಕರ್ ಹಾಕಿ, ಒಂದು ಹೆಜ್ಜೆ ಹಿಂದೆ ಬಂದು ನಿಂತರು. ಕಾವಲಿನವರು ಮಾತಾಡಿದರು. ಗದ್ದಲದಲ್ಲಿ ನನಗೇ ಅರ್ಧ ಕೇಳಿಸಲಿಲ್ಲ. ರೈಟರ ತುಟಿ ಅಲುಗಿದ್ದು ಕಂಡೆ. ಹಳೆಯ ಮಾತು ಬಾಯಿಗೆ ಬಂದೇಬಿಟ್ಟಿತು ಎಂದುಕೊಂಡೆ. ಅವರು ಕೇಳಿಸಲಿಲ್ಲ ಎಂದರು.

ಪಟ್ಟಿ ಕಟ್ಟಿದ ಹೆಂಗಸು ಹಿಂದೆ ತಿರುಗಿ ಗದರಿದರು. "ಏ, ಬಾಯಿ ಮುಚ್ರೇ. ರೈಟ್ರಿಗೆ ಕೇಳ್ಬೇಕು. ನಂಗೆ ಇರೋದು ಇನ್ನೊಂದೇ ಕೈ."

ನಗು ಎದ್ದು ಅಡಗಿತು. ಆಮೇಲೆ ಆ ತಗ್ಗಿನಲ್ಲಿ ತೋಡಿನ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಾವಲಿನವರು ಮತ್ತೆ ಹೇಳಿದರು: ಹಿಂಡು ಕೆರೆ ಪಕ್ಕ ಕೆಳಗಿನ ಬ್ಲಾಕಿನಲ್ಲೇ ಇದೆ, ಒಂಟಿ ಗಂಡಾನೆ ಎಲ್ಲಿದೆಯೋ ಗೊತ್ತಿಲ್ಲ. ರೈಟರ್ ಪ್ರತಿ ಮಾತನ್ನೂ ತಿರುಗಿ ಹೇಳಿದರು. ಹೌದು ರೈಟರೇ, ಎಂದಿತು ಫೋನು. ಅವರು ಹೆಂಗಸರನ್ನು ಮೇಲಿನ ಬ್ಲಾಕಿಗೆ ಹೋಗಿ ಎಂದರು.

ಮ್ಯಾನೇಜರ್ ಹೆದರಿದ್ದೂ ನಿಜವಾಯಿತು. ಒಂಟಿ ಗಂಡಾನೆ ಎಂಬುದನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಕೆಲವರು ಬಿಸಿಲೇರುವ ತನಕ ಇಳಿಯುವುದಿಲ್ಲ ಎಂದು ಶೆಡ್ಡಿನಲ್ಲೇ ಕೂತರು. ಮ್ಯಾನೇಜರ್ ಅವರನ್ನು ನೋಡಿದರು, ಆಕಾಶ ನೋಡಿದರು, ನನ್ನನ್ನೂ ಒಮ್ಮೆ ನೋಡಿದರು. ಕೊನೆಗೆ ಹಾಜರಿ ಪುಸ್ತಕವನ್ನು ರೈಟರ ಕೈಗೆ ಕೊಟ್ಟು, ನಾಳೆಯಿಂದ ನಾನು ಬರುವುದಿಲ್ಲ ಎಂದು ಹೇಳಿ ಜೀಪಿನಲ್ಲಿ ಹೋಗಿ ಕೂತರು. ರೈಟರ್ ಕೂತವರ ಹೆಸರನ್ನು ಬಿಟ್ಟು, ಹೊರಟವರ ಹೆಸರು ಕರೆಯಲು ಶುರುಮಾಡಿದರು. ಪಟ್ಟಿ ಕಟ್ಟಿದ ಹೆಂಗಸಿನ ಹೆಸರನ್ನೂ ಅಭ್ಯಾಸಬಲದಿಂದ ಕರೆದರು. ಆಕೆ ಶಾಲಿನೊಳಗಿಂದ ಸರಿಯಿದ್ದ ಕೈ ಎತ್ತಿದರು.

ನನ್ನ ನೆನಪಿನಲ್ಲಿ ರೈಟರ್ ಆ ಬೆಳಿಗ್ಗೆ ಕೇಳಿಸಲಿಲ್ಲ ಎಂದದ್ದು ಇಡೀ ಶೆಡ್ಡಿಗೆ ಕೇಳುವಷ್ಟು ಜೋರಾಗಿ. ದಿನಚರಿಯಲ್ಲೂ ಹಾಗೇ ಬರೆದಿದ್ದೇನೆ. ಮೊನ್ನೆ ರೆಕಾರ್ಡಿಂಗ್ ಹಾಕಿದೆ. ಅದರಲ್ಲಿ ಗಂಟಲು ಸರಿಮಾಡಿಕೊಂಡು, ಅವರು ತುಂಬ ಮೆಲ್ಲಗೆ ಹೇಳುತ್ತಾರೆ, ಮೊದಲ ಸಲ ಫೋನಿಗೂ ಮುಟ್ಟುವುದಿಲ್ಲ. ಎರಡನೆಯ ಸಲ ಹೇಳುತ್ತಾರೆ: "ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ." ಹಿನ್ನೆಲೆಯಲ್ಲಿ ಜೀರುಂಡೆ ಇಲ್ಲ.